ಹಳದಿಯಾಗದ ದೀಪ

ಮಾರಿದವನು ಅದನ್ನು ಕ್ಯಾಂಪರ್ ಅಂದಿದ್ದ. ಅತ್ತೆಯ ಬಾಯಲ್ಲಿ ಅದು ಮೊದಲ ದಿನವೇ ಗಾಡಿಮನೆ ಆಯಿತು, ಆಮೇಲೆ ಎಲ್ಲರಿಗೂ ಅದೇ ಹೆಸರು. ಮುಂದೆ ಸ್ಟಿಯರಿಂಗು, ಅದರ ಹಿಂದೆ ಒಂದು ಒಲೆ, ಪಾತ್ರೆ ತೊಳೆದರೆ ಮೊಣಕೈ ಗೋಡೆಗೆ ಬಡಿಯುವಂಥ ಸಿಂಕು, ಒಂದು ಪಕ್ಕಕ್ಕೆ ಗಂಡಹೆಂಡಿರ ಮಡಿಸುವ ಮಂಚ, ಹಿಂದಿನ ಕಿಟಕಿಗೆ ಒತ್ತಿಕೊಂಡು ಅತ್ತೆಯ ಹಾಸಿಗೆ. ಮಗ ಹೊಲಿಗೆ ಯಂತ್ರಗಳ ಮೆಕ್ಯಾನಿಕ್ಕು. ಬಟ್ಟೆ ಹೊಲಿಯುವ ಕಾರ್ಖಾನೆಗಳಿಗೆ ಹೋಗಿ, ಅಂಗಳದಲ್ಲಿ ಗಾಡಿ ನಿಲ್ಲಿಸಿ, ಒಳಗೆ ಕೆಟ್ಟು ಕೂತ ಯಂತ್ರಗಳನ್ನೆಲ್ಲ ಎಬ್ಬಿಸಿ ಮುಂದಕ್ಕೆ ಹೊರಡುವುದು ಅವನ ಕಸುಬು. ಸೊಸೆಯೂ ಅವನ ಜೊತೆಗೇ ದುಡಿಯುವವಳು. ಎಣ್ಣೆ ಬಿಡುವುದು, ದಾರದ ಬಿಗಿ ಸರಿಮಾಡುವುದು, ಚಿಂದಿ ಬಟ್ಟೆಯ ಮೇಲೆ ಹೊಲಿದು ನೋಡುವುದು ಎಲ್ಲ ಅವಳ ಪಾಲಿನದು. ಅತ್ತೆಯನ್ನು ಬಿಟ್ಟು ಬರೋಣವೆಂದರೆ ಬೇರೆ ಮನೆ ಇರಲಿಲ್ಲ. ಇದ್ದಿದ್ದರೂ ಆಕೆ ಇವರನ್ನು ಬಿಡುತ್ತಿರಲಿಲ್ಲ ಬಿಡಿ.

ಅತ್ತೆಯ ಶ್ವಾಸಕೋಶ ಅರ್ಧ ಕೆಲಸ ನಿಲ್ಲಿಸಿ ವರ್ಷಗಳೇ ಆಗಿದ್ದವು. ಆಕೆಯ ಹಾಸಿಗೆಯ ಬುಡದಲ್ಲಿ, ಕೂತರೆ ಕಾಲಿಗೆ ತಾಕುವ ಹಾಗೆ, ಆಕ್ಸಿಜನ್ ಕೊಡುವ ಒಂದು ಪೆಟ್ಟಿಗೆ ಇತ್ತು. ಅದರ ನಳಿಗೆ ಆಕೆಯ ಮೂಗಿಗೆ. ಗಾಡಿಯ ಬ್ಯಾಟರಿಯಿಂದ ಅದು ನಡೆಯುತ್ತಿತ್ತು, ನಡೆಯುವಾಗ ಸಣ್ಣಗೆ ನಡುಗುತ್ತಿತ್ತು. ಆಕೆಗೆ ಕಿವಿ ಮಂದ, ಪೆಟ್ಟಿಗೆಯ ಸದ್ದು ಕೇಳುತ್ತಿರಲಿಲ್ಲ. ಅಂಗಾಲನ್ನು ಅದರ ಮೇಲಿಟ್ಟು ನಡುಗುತ್ತಿದೆಯೋ ಇಲ್ಲವೋ ನೋಡಿಕೊಳ್ಳುತ್ತಿದ್ದಳು. ಅದು ನಡೆದರೆ ಆಕೆ ಬೈಯುತ್ತಾಳೆ, ನಗುತ್ತಾಳೆ, ಸೊಸೆಯ ಟೀ ನೀರಾಗಿದೆ ಅನ್ನುತ್ತಾಳೆ. ನಿಂತರೆ ಸ್ವಲ್ಪ ಹೊತ್ತು ತಡೆಯುತ್ತಾಳೆ, ಆಮೇಲೆ ಇಲ್ಲ. ಆ ಮೂವರ ಸಂಸಾರ ನಿಂತಿದ್ದದ್ದು ಆ ಪೆಟ್ಟಿಗೆಯ ಮೇಲೆ.

ಇಂಜಿನ್ನಿಗೆ ಒಂದು ಬ್ಯಾಟರಿ, ಮನೆಗೆ ಬೇರೆ ಬ್ಯಾಟರಿ. ಇಂಜಿನ್ ಓಡಿದರೆ ಎರಡೂ ತುಂಬುತ್ತವೆ. ಮನೆಯ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ಮೀಟರು ಗಾಡಿ ಕೊಳ್ಳುವಾಗಲೇ ಕೆಟ್ಟಿತ್ತು. ಊರ ಯಂತ್ರಗಳನ್ನೆಲ್ಲ ನೆಟ್ಟಗೆ ಮಾಡುವ ಮಹಾರಾಯ ಅದೊಂದನ್ನು ಮುಟ್ಟಲಿಲ್ಲ. ಬೇಕು ಅಂತಲೂ ಅನ್ನಿಸಲಿಲ್ಲ ಅವರಿಗೆ. ಬ್ಯಾಟರಿ ಇಳಿಯುತ್ತ ಬಂದ ಹಾಗೆ ಹಳೆಯ ಬಲ್ಬುಗಳ ಬೆಳಕು ಹಳದಿಗೆ ತಿರುಗುತ್ತಿತ್ತು. ಹಳದಿ ಕಂಡ ಕೂಡಲೆ ಯಾರಾದರೊಬ್ಬರು ಹೋಗಿ ಇಂಜಿನ್ ಹಾಕುವುದು, ಬೆಳಕು ಬೆಳ್ಳಗಾದ ಮೇಲೂ ಒಂದಷ್ಟು ಹೊತ್ತು ಓಡಿಸುವುದು. ಅತ್ತೆಯ ತಲೆಯ ಮೇಲಿನ ಬಲ್ಬಂತೂ ಹಗಲಲ್ಲೂ ಉರಿಯುತ್ತಿತ್ತು, ಕಿಟಕಿಯ ಪರದೆ ಸರಿದೇ ಇರುತ್ತಿತ್ತು, ಕಾರ್ಖಾನೆಯ ಒಳಗಿದ್ದವರಿಗೆ ಕಾಣಲೆಂದು. "ಕಿಟಕಿ ನೋಡಿದ್ಯೇನೇ?" ಎಂದು ಗಂಡ ಕೇಳಿದನೆಂದರೆ ಅಮ್ಮ ಹೇಗಿದ್ದಾಳೆ ಎಂದು ಕೇಳಿದ ಹಾಗೆ.

ಆ ಪೆಟ್ಟಿಗೆಗೂ ತನ್ನದೇ ಒಂದು ಅಲಾರಂ ಇತ್ತು. ಇಂಜಿನ್ ಹಾಕಿದರೆ ಕಿರುಚುತ್ತಿತ್ತು, ತೆಗೆದರೆ ಕಿರುಚುತ್ತಿತ್ತು, ಒಲೆಯ ಮೇಲಿನ ಫ್ಯಾನು ತಿರುಗಿದರೂ ಕಿರುಚುತ್ತಿತ್ತು. ಒಂದು ದಿನ ಮೆಕ್ಯಾನಿಕ್ಕಿಗೆ ರೇಗಿಹೋಗಿ ಪೆಟ್ಟಿಗೆ ಬಿಚ್ಚಿ ಅಲಾರಮ್ಮಿನ ತಂತಿಯನ್ನೇ ಕತ್ತರಿಸಿಬಿಟ್ಟ. "ಇದು ಬಾಯಿ ಬಿಡೋಕೆ ಮುಂಚೆ ನಮ್ಮ ದೀಪ ಹೇಳುತ್ತೆ, ಇದರ ಗಲಾಟೆ ಯಾರಿಗೆ ಬೇಕು," ಅಂದ. ಆವತ್ತಿಗೆ ಆ ಮಾತು ನಿಜವೇ ಆಗಿತ್ತು.

ತಂತಿ ಕತ್ತರಿಸಿದ ತಪ್ಪಿಗೋ ಏನೋ, ಅಮ್ಮನ ದಿಂಬಿನ ಪಕ್ಕಕ್ಕೆ ಗಾಡಿಯ ಹಾರ್ನಿನ ಗುಂಡಿಯೊಂದನ್ನು ಎಳೆದುಕೊಟ್ಟಿದ್ದ. ಏನಾದರೂ ಆದರೆ ಒತ್ತು ಅಂದಿದ್ದ. ಆಕೆ ಏನೂ ಆಗದಿದ್ದರೂ ಒತ್ತುತ್ತಿದ್ದಳು. ಟೀ ಬೇಕೆಂದರೆ ಹಾರ್ನು, ಕನ್ನಡಕ ಸಿಗದಿದ್ದರೆ ಹಾರ್ನು, ಬೇಜಾರಾದರೆ ಎರಡು ಹಾರ್ನು. ಸೊಸೆ ಎಣ್ಣೆ ಕೈಯಲ್ಲೇ ಎದ್ದುಬಿದ್ದು ಓಡಿ ಬಂದರೆ, "ಏನಿಲ್ಲ ಕಣೇ, ಬದುಕಿದ್ದೀಯೋ ಇಲ್ವೋ ನೋಡಿದೆ," ಅನ್ನುತ್ತಿದ್ದಳು. ಆ ಹೆಂಗಸಿನ ಜೊತೆ ಏಗುವುದೆಂದರೆ ಸುಮ್ಮನಲ್ಲ.

ಇಂಥ ಮನೆಯಲ್ಲಿ ದೀಪ ಬದಲಾಯಿಸಬೇಕೆಂದು ಹಟ ಹಿಡಿದವಳು ಸೊಸೆ. ಹಟಕ್ಕೆ ಕಾರಣವಿತ್ತು. ಹಳೆಯ ಬಲ್ಬುಗಳು ಕಾವಲಿಯ ಹಾಗೆ ಸುಡುತ್ತಿದ್ದವು. ಒಲೆಯ ಮೇಲಿನದಕ್ಕೆ ಅವಳ ಮುಂಗೂದಲು ತಾಗಿ ಚುರುಗುಟ್ಟಿತ್ತು, ಅತ್ತೆಯ ತಲೆಯ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಕಂದಿ ಕಂದಿ ಟೀ ಕಲೆಯ ಬಣ್ಣಕ್ಕೆ ಬಂದಿತ್ತು. ಯಾವತ್ತೋ ಒಂದು ದಿನ ಅದು ಕರಗಿ ಮುದುಕಿಯ ತಲೆಯ ಮೇಲೆ ಬೀಳುತ್ತದೆ ಎಂಬ ಹೆದರಿಕೆ ಅವಳಿಗೆ ನಿಜವಾಗಿಯೂ ಇತ್ತು. ಮೇಲಾಗಿ, ದಿನವೂ ಹಳದಿ, ದಿನವೂ ಇಂಜಿನ್ನು, ದಿನವೂ ಆ ಹೊಗೆ. ಸಾಕಾಗಿ ಹೋಗಿತ್ತು ಅವಳಿಗೆ.

ವಾಹನಗಳ ಬಿಡಿಭಾಗದ ಅಂಗಡಿಯವನು ಬೆರಳುದ್ದದ ಎಲ್‌ಇಡಿ ಬಲ್ಬುಗಳನ್ನು ಗಾಜಿನ ಕೌಂಟರಿನ ಮೇಲೆ ಸಾಲಾಗಿ ಇಟ್ಟ.

"ಅಕ್ಕ, ಇವು ಕರೆಂಟು ಕುಡಿಯೋದೇ ಇಲ್ಲ. ಮುಟ್ಟಿ ನೋಡಿ, ಬಿಸಿ ಇದೆಯಾ? ಇನ್ನೊಂದು ವಿಷಯ ಹೇಳ್ತೀನಿ ಕೇಳಿ, ನಿಮ್ಮ ಬ್ಯಾಟರಿ ಎಷ್ಟೇ ಇಳೀಲಿ, ಇದರ ಬೆಳಕು ಮಾತ್ರ ಒಂದಿಷ್ಟೂ ಇಳಿಯಲ್ಲ. ಕೊನೇವರೆಗೂ ಹೀಗೇ ಬೆಳ್ಳಗೆ. ಅದಕ್ಕೆ ನಾನು ಗ್ಯಾರಂಟಿ."

ಸೊಸೆಗೆ ಕೇಳಬೇಕಾಗಿದ್ದದ್ದೇ ಅದು. ಅಂಗಡಿಯವನು ಸುಳ್ಳು ಹೇಳಲಿಲ್ಲ ಪಾಪ, ಅವನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಅವಳು ಖುಷಿಯಿಂದ ಎಲ್ಲ ಬಲ್ಬುಗಳನ್ನೂ ಚೀಲಕ್ಕೆ ಸುರಿದುಕೊಂಡು ಬಂದಳು.

ಗಾಡಿ ಆಗ ಒಂದು ದೊಡ್ಡ ಕಾರ್ಖಾನೆಯ ಹಿಂದಿನ ಅಂಗಳದಲ್ಲಿ, ಜನರೇಟರ್ ಕೊಟ್ಟಿಗೆಗೆ ತಾಗಿ ನಿಂತಿತ್ತು. ಗಾಡಿ ನಿಲ್ಲಿಸಿಕೊಳ್ಳಿ, ಆದರೆ ವೈರು ಎಳೆಯೋ ಹಾಗಿಲ್ಲ ಎಂದು ಮ್ಯಾನೇಜರ್ ಮೊದಲೇ ಹೇಳಿದ್ದ. ಸಾವಿರ ಯಂತ್ರ ಓಡಿಸುವಷ್ಟು ಕರೆಂಟು ಗೋಡೆಯಾಚೆ ಗುಡುಗುತ್ತಿತ್ತು, ಇವರಿಗೆ ಒಂದು ಎಳೆಯೂ ಇರಲಿಲ್ಲ. ಜನರೇಟರ್ ಶುರುವಾದರೆ ನೆಲ ಅದುರುತ್ತಿತ್ತು, ಗಾಡಿ ಅದುರುತ್ತಿತ್ತು, ಲೋಟದಲ್ಲಿ ಚಮಚ ಕುಣಿಯುತ್ತಿತ್ತು.

ಸೊಸೆ ಸ್ಟೂಲು ಹತ್ತಿ ಒಂದೊಂದೇ ಮುಚ್ಚಳ ಬಿಚ್ಚಿದಳು. ಒಳಗೆ ಸತ್ತ ಹುಳಗಳು, ಧೂಳು, ಎರಡು ಸ್ಪ್ರಿಂಗುಗಳ ನಡುವೆ ಸಿಕ್ಕಿಸಿದ ಕಪ್ಪಾದ ಬಲ್ಬು. ಹಳೆಯದನ್ನು ಬಟ್ಟೆಯಲ್ಲಿ ಹಿಡಿದು ಕಿತ್ತು ಹೊಸದನ್ನು ಸಿಕ್ಕಿಸಿದಳು. ಮೊದಲನೆಯದು ಹತ್ತಲಿಲ್ಲ. ಅವಳ ಮುಖ ಸಪ್ಪಗಾಯಿತು. ಗಂಡ ಕೆಳಗಿನಿಂದ, "ತಿರುಗಿಸಿ ಹಾಕು, ಇವಕ್ಕೆ ತಲೆ ಬಾಲ ಇರುತ್ತೆ," ಅಂದ. ತಿರುಗಿಸಿ ಹಾಕಿದಳು. ಗಾಡಿಯ ಒಳಗೆಲ್ಲ ಬಿಳಿ ಬೆಳಕು ರಪ್ಪನೆ ಬಿತ್ತು. ಮೂಲೆಮೂಲೆಯ ಕೊಳೆ ಕಂಡಿತು. ಕಳೆದುಹೋಗಿದೆ ಎಂದುಕೊಂಡಿದ್ದ ಕತ್ತರಿ ಮಂಚದ ಸಂದಿಯಲ್ಲಿ ಕಂಡಿತು.

"ಅಯ್ಯಯ್ಯೋ, ಆರಿಸೇ! ಈ ಬೆಳಕಲ್ಲಿ ಎಲ್ಲರೂ ಹೆಣದ ಹಾಗೆ ಕಾಣ್ತೀವಲ್ಲೇ. ನಿನ್ನ ತುಟಿ ನೋಡ್ಕೋ, ನೀಲಿ!" ಎಂದಳು ಅತ್ತೆ.

"ಬಿಡ್ತು ಅನ್ನಿ ಅತ್ತೆ. ಸ್ವಲ್ಪ ದಿನ, ಅಭ್ಯಾಸ ಆಗುತ್ತೆ."

"ನಂದೊಂದು ಬಿಟ್ಟುಬಿಡು. ನನ್ನ ತಲೆ ಮೇಲಿಂದು ಹಳೇದೇ ಇರಲಿ. ಅದರ ಮುಖ ನೋಡಿದ್ರೆ ನಂಗೆ ಗೊತ್ತಾಗುತ್ತೆ."

ಏನು ಗೊತ್ತಾಗುತ್ತದೆ ಎಂದು ಆಕೆ ಬಿಡಿಸಿ ಹೇಳಲಿಲ್ಲ. ಹೇಳು ಅಂದಿದ್ದರೂ ಹೇಳಲು ಬರುತ್ತಿತ್ತೋ ಇಲ್ಲವೋ. ಹಳದಿ ಕಂಡರೆ ಏಳುವುದು ಮೂವರಿಗೂ ನೊಣ ಕಂಡರೆ ಕೈ ಬೀಸುವಷ್ಟು ಸಹಜವಾಗಿತ್ತು. ಅದೊಂದು ಲೆಕ್ಕ, ಅದೊಂದು ಕಾವಲು ಎಂದು ಯಾರೂ ಯಾವತ್ತೂ ಬಾಯಿಬಿಟ್ಟು ಅಂದುಕೊಂಡಿರಲಿಲ್ಲ. ಸೊಸೆಯ ಕಣ್ಣು ಆ ಕಂದಿದ ಮುಚ್ಚಳದ ಮೇಲೇ ಇತ್ತು. "ಅದೇ ಎಲ್ಲಕ್ಕಿಂತ ಅಪಾಯದ್ದು ಅತ್ತೆ, ನಿಮ್ಮ ತಲೆ ಮೇಲೇ ಕರಗ್ತಿದೆ," ಎಂದು ಸ್ಟೂಲು ಎಳೆದಳು.

"ಹೂಂ, ಹಾಕ್ಕೋ ಹಾಕ್ಕೋ. ನನ್ನ ಮಾತು ಯಾರಿಗೆ ಬೇಕು." ಅತ್ತೆ ಕೈ ಚಾಚಿ ಆ ಹಳೆಯ ಬಲ್ಬನ್ನು ಮಾತ್ರ ಇಸಿದುಕೊಂಡಳು. ಇನ್ನೂ ಬಿಸಿಯಿತ್ತು. ಕರವಸ್ತ್ರದಲ್ಲಿ ಸುತ್ತಿ ದಿಂಬಿನ ಕೆಳಗೆ ಇಟ್ಟುಕೊಂಡಳು.

ಆವತ್ತು ಸಂಜೆ ದೀಪ ಹಳದಿಯಾಗಲಿಲ್ಲ. ಬೆಳಿಗ್ಗೆ ಎದ್ದಾಗಲೂ ಹಾಗೇ ಬೆಳ್ಳಗಿತ್ತು. ಗಂಡ ಅಭ್ಯಾಸಬಲದಿಂದ ಇಂಜಿನ್ನಿನ ಕೀಲಿಗೆ ಕೈಹಾಕಿದಾಗ ಸೊಸೆ, "ಯಾಕ್ರೀ ಸುಮ್ನೆ? ದೀಪ ನೋಡ್ರೀ!" ಅಂದಳು. ನೋಡಿದ. ಹೌದಲ್ಲ ಎಂದುಕೊಂಡು ಕೀಲಿಯನ್ನು ಮೊಳೆಗೆ ತಗುಲಿಸಿದ. ದೀಪಗಳು ಕುಡಿಯುವುದು ನಿಂತಿತ್ತು ನಿಜ. ಪೆಟ್ಟಿಗೆ ಕುಡಿಯುವುದು ನಿಂತಿರಲಿಲ್ಲ. ಅದು ಇಬ್ಬರಿಗೂ ಹೊಳೆಯಲಿಲ್ಲ. ಉಳಿತಾಯವಾಯಿತಲ್ಲ ಎಂಬ ಸಂಭ್ರಮದಲ್ಲಿ ಸೊಸೆ ಒಲೆಯ ಮೇಲಿನ ಫ್ಯಾನನ್ನೂ ಹಾಕಿದಳು, ಫೋನುಗಳನ್ನೂ ಚಾರ್ಜಿಗೆ ಹಾಕಿದಳು, ಗಂಡ ತಂತಿ ಬೆಸೆಯುವ ಬೆಸುಗೆ ಕಡ್ಡಿಯನ್ನು ಗಾಡಿಯ ಕರೆಂಟಿನಲ್ಲೇ ಕಾಯಿಸಿಕೊಂಡು ಒಂದಷ್ಟು ಕೆಲಸ ಮುಗಿಸಿದ. "ಇದನ್ನ ಯಾವಾಗ್ಲೋ ಮಾಡ್ಬೇಕಿತ್ತು," ಎಂದೂ ಅಂದ. ಗಂಡನ ಬಾಯಿಂದ ಅಂಥ ಮಾತು ಬರುವುದು ಅಪರೂಪ, ಅವಳು ಹಿಗ್ಗಿಹೋದಳು.

ಮಧ್ಯಾಹ್ನ ಮೋಡ ಕವಿದುಕೊಂಡಿತು. ಊರಿಗೆಲ್ಲ ಕರೆಂಟು ಹೋಗಿ ಜನರೇಟರ್ ಗುಡುಗಲು ಶುರುಮಾಡಿತು. ಸೊಸೆ ಅತ್ತೆಗೆ ಊಟ ಕೊಟ್ಟು, ನಳಿಗೆ ಸರಿಮಾಡಿ, ಕಾಲಿನ ಮೇಲೆ ಹೊದಿಕೆ ಎಳೆದು ಕಾರ್ಖಾನೆಗೆ ಹೋದಳು.

"ಅಲ್ಲೇ ಬೇರು ಬಿಡಬೇಡ," ಎಂದು ಅತ್ತೆ ಹಿಂದಿನಿಂದ ಕೂಗಿದಳು.

ಕೆಲಸ ಮಾಡುವ ಕಡೆಯಿಂದ ಕಿಟಕಿ ಚೆನ್ನಾಗಿ ಕಾಣುತ್ತಿತ್ತು. ಹೊರಗಿನ ಮಬ್ಬಿನಲ್ಲಿ ಅದೊಂದೇ ಚೌಕ ಫಳಫಳ ಹೊಳೆಯುತ್ತಿತ್ತು. ಸೊಸೆ ಒಂದು ಯಂತ್ರಕ್ಕೆ ಎಣ್ಣೆ ಬಿಟ್ಟು ತಲೆಯೆತ್ತಿ ನೋಡಿದಳು: ಬೆಳ್ಳಗಿದೆ. ಇನ್ನೊಂದರ ಪಟ್ಟಿ ಬಿಗಿದು ನೋಡಿದಳು: ಬೆಳ್ಳಗಿದೆ. ಗಂಡ ಕಾರ್ಖಾನೆಯ ಆ ತುದಿಯಿಂದ ಹುಬ್ಬು ಹಾರಿಸಿದ. ಇವಳು ಇಲ್ಲಿಂದಲೇ ಹೆಬ್ಬೆರಳು ಎತ್ತಿ ತೋರಿಸಿದಳು. ಪಕ್ಕದ ಯಂತ್ರದ ಹೆಂಗಸು, "ನಿಮ್ಮತ್ತೆ ಇವತ್ತು ಪೀಪಿ ಊದ್ಲೇ ಇಲ್ವಲ್ಲ?" ಎಂದು ನಕ್ಕಳು.

"ಒಂದು ದಿನವಾದ್ರೂ ನಂಗೆ ಪುಣ್ಯ ಬೇಡ್ವಾ?" ಎಂದು ಇವಳೂ ನಕ್ಕಳು. ಆ ನಗು ಆಮೇಲೆ ಅವಳನ್ನು ಬಹಳ ಕಾಲ ಸುಮ್ಮನೆ ಬಿಡಲಿಲ್ಲ.

ಅವಳು ಎದ್ದು ಹೊರಟಿದ್ದು ಅತ್ತೆಯನ್ನು ನೋಡಲೆಂದಲ್ಲ. ಸಣ್ಣ ಸ್ಕ್ರೂಡ್ರೈವರ್ ಗಾಡಿಯಲ್ಲಿ ಉಳಿದಿತ್ತು. ದಾರಿಯಲ್ಲಿ ಕ್ಯಾಂಟೀನಿನ ಮುಂದೆ ನಿಂತು ಅತ್ತೆಗೂ ಸೇರಿ ಎರಡು ಲೋಟ ಟೀ ತೆಗೆದುಕೊಂಡಳು. ಟೀ ಚೆಲ್ಲದ ಹಾಗೆ ಮೆಲ್ಲಗೆ ಅಂಗಳ ದಾಟಿದಳು. ಅವಸರವೇನಿತ್ತು? ಕಿಟಕಿ ಬೆಳ್ಳಗಿತ್ತಲ್ಲ.

ಒಳಗೆ ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ಸೆರಗು ಅಚ್ಚುಕಟ್ಟಾಗಿ ಹೊದ್ದಿದ್ದಳು, ಕೂದಲನ್ನು ಒಪ್ಪವಾಗಿ ಹಿಂದಕ್ಕೆ ಸವರಿದ್ದಳು, ನಳಿಗೆ ಮೂಗಿನಲ್ಲೇ ಇತ್ತು, ಒಂದು ಅಂಗಾಲು ಪೆಟ್ಟಿಗೆಯ ಮೇಲೆ. ಕಣ್ಣು ಅರೆಮುಚ್ಚಿತ್ತು. ಮುಖ ನೀಲಿಗೆ ತಿರುಗಿತ್ತು. ಈ ಹಾಳು ಬೆಳಕು, ಅತ್ತೆ ಹೇಳಿದ್ದು ಸರಿಯೇ, ಹೆಣದ ಹಾಗೇ ಕಾಣುತ್ತೇವೆ ಎಂದುಕೊಂಡಳು ಸೊಸೆ. ಲೋಟಗಳನ್ನು ಒಲೆಯ ಪಕ್ಕ ಇಟ್ಟಳು. ಸ್ಕ್ರೂಡ್ರೈವರ್ ಹುಡುಕಲು ಡ್ರಾಯರ್ ಎಳೆದಳು. "ಅತ್ತೆ, ಟೀ ತಂದಿದ್ದೀನಿ. ನೀರು ಅಂತ ಅನ್ನಬೇಡಿ, ಇದು ನಾನು ಮಾಡಿದ್ದಲ್ಲ," ಎಂದಳು.

ಅಷ್ಟರಲ್ಲಿ ಊರಿನ ಕರೆಂಟು ಬಂತು. ಜನರೇಟರ್ ನಿಂತಿತು.

ನೆಲದ ಅದುರು ನಿಂತಿತು, ಗಾಡಿಯ ಅದುರು ನಿಂತಿತು, ಲೋಟದ ಟೀ ಅಲ್ಲಾಡದೆ ಕೂತಿತು. ಆಗ ಗಾಡಿಯಲ್ಲಿ ಉಳಿಯಬೇಕಾಗಿದ್ದ ಒಂದು ಸಣ್ಣ ಗೊರಗೊರ ಸದ್ದು ಉಳಿಯಲಿಲ್ಲ. ಏನೂ ಕೇಳಿಸಲಿಲ್ಲ. ಸೊಸೆ ಡ್ರಾಯರ್ ಬಿಟ್ಟು ಬಂದಳು. ಬಗ್ಗಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಅದು ತಣ್ಣಗಿತ್ತು, ಎಷ್ಟೋ ಹೊತ್ತಿನಿಂದ ತಣ್ಣಗಿದ್ದ ಹಾಗಿತ್ತು. ತಲೆಯ ಮೇಲೆ ದೀಪ ಮಾತ್ರ ಒಂದಿಷ್ಟೂ ಇಳಿಯದೆ, ಅಂಗಡಿಯವನು ಹೇಳಿದ ಹಾಗೆಯೇ, ಪೆಟ್ಟಿಗೆಗೆ ಸಾಲದ ಕರೆಂಟಿನಲ್ಲೂ ಬೆಳ್ಳಗೆ ಉರಿಯುತ್ತಿತ್ತು.

"ಅತ್ತೆ! ಅತ್ತೇ!"

ಹೇಗೆ ಮುಂದಿನ ಸೀಟಿಗೆ ಹೋದಳೋ ಅವಳಿಗೇ ಗೊತ್ತಿಲ್ಲ. ಟೀ ಚೆಲ್ಲಿತು, ಮೊಳಕಾಲು ಸಿಂಕಿನ ಅಂಚಿಗೆ ಬಡಿಯಿತು. ಮೊಳೆಯಿಂದ ಕೀಲಿ ಕಿತ್ತಳು, ಅದು ತೂತಿಗೆ ಹೋಗಲೊಲ್ಲದು. ಇಂಜಿನ್ ಒಂದು ಸಲ ಕೆಮ್ಮಿ ಸುಮ್ಮನಾಯಿತು. "ಹತ್ತೋ ನಮ್ಮಪ್ಪ, ನಿನ್ನ ದಮ್ಮಯ್ಯ ಹತ್ತೋ!" ಎಂದು ಅವಳು ಸ್ಟಿಯರಿಂಗಿಗೆ ತಲೆ ಚಚ್ಚಿಕೊಂಡಳು. ಎರಡನೇ ಸಲಕ್ಕೆ ಹತ್ತಿತು. ಓಡಿಬಂದು ಪೆಟ್ಟಿಗೆಯ ಗುಂಡಿ ಒತ್ತಿದಳು. ಅದು ಗೊರ್ ಎಂದಿತು, ನಡುಗಿತು.

ಅತ್ತೆ ಅಲುಗಲಿಲ್ಲ, ಮೂಗಿನ ಬಳಿ ಬೆರಳಿಟ್ಟರೆ ಎಳೆಯಷ್ಟು ಉಸಿರು ಮಾತ್ರ ತಾಕಿತು. ಸೊಸೆ ಆಕೆಯನ್ನು ಎದೆಗೆ ಒರಗಿಸಿಕೊಂಡು ಬೆನ್ನು ಉಜ್ಜಿದಳು, ಅಂಗೈ ಉಜ್ಜಿದಳು, ಹಾರ್ನಿನ ಗುಂಡಿಯನ್ನು ಮೊಣಕೈಯಿಂದ ಒತ್ತಿ ಒತ್ತಿ ಹಿಡಿದಳು. ಅಂಗಳದ ತುಂಬ ಹಾರ್ನು ಅರಚಿತು. ಮೆಕ್ಯಾನಿಕ್ ಓಡಿಬಂದಾಗಲೂ ಅವಳು ಗುಂಡಿ ಬಿಟ್ಟಿರಲಿಲ್ಲ. ಅವನು ಒಮ್ಮೆ ದೀಪ ನೋಡಿದ, ಒಮ್ಮೆ ಅಮ್ಮನನ್ನು ನೋಡಿದ, ಅರ್ಥವಾಗದೆ ಮತ್ತೆ ದೀಪವನ್ನೇ ನೋಡಿದ. ಆಮೇಲೆ ಅರ್ಥವಾಯಿತು. ಅವನು ಬಾಗಿಲಲ್ಲೇ ಕುಸಿದು ಕೂತ.

ತುಂಬ ಹೊತ್ತಿನ ಮೇಲೆ ಮುದುಕಿ ಒಂದು ದೊಡ್ಡ ಉಸಿರು ಎಳೆದಳು, ಗಂಟಲಲ್ಲಿ ಏನೋ ಸಿಕ್ಕಿಕೊಂಡವರಂತೆ. ಇನ್ನೊಂದು ಎಳೆದಳು. ತುಟಿಯ ನೀಲಿ ಇಷ್ಟಿಷ್ಟೇ ಬಿಡುತ್ತ ಬಂತು. ಸೊಸೆಗೆ ಅಳು ಒತ್ತರಿಸಿ ಬಂದು ಆಕೆಯ ಹೆಗಲಿಗೆ ಮುಖ ಹುದುಗಿಸಿದಳು. ಆಗ ಕಂಡಿತು, ಅತ್ತೆಯ ಕಿವಿ ಬರಿದಾಗಿತ್ತು.

ಮದುವೆಯಾದಂದಿನಿಂದ ಆಕೆ ತೆಗೆಯದ ಓಲೆಗಳವು. ಸ್ನಾನಕ್ಕೂ ತೆಗೆದವಳಲ್ಲ, ಆಸ್ಪತ್ರೆಯಲ್ಲಿ ನರ್ಸು ಬಿಚ್ಚು ಅಂದರೆ ನರ್ಸಿನ ಜನ್ಮ ಜಾಲಾಡಿದವಳು. ಅವೀಗ ಸೊಸೆಯ ಮಂಚದ ಮೇಲೆ, ಅವಳು ಬಾಬಿನ್ ಹಾಕಿಡುವ ತಗಡಿನ ಡಬ್ಬಿಯ ಮುಚ್ಚಳದಲ್ಲಿ, ಜೋಡಿಯಾಗಿ ಕೂತಿದ್ದವು. ಆ ಮಂಚಕ್ಕೂ ಅತ್ತೆಯ ಹಾಸಿಗೆಗೂ ನಡುವೆ ಎದ್ದು ಹೋಗುವಷ್ಟು ದೂರವಿತ್ತು. ಉಸಿರಿಲ್ಲದೆ ಎದ್ದು ಹೋಗಿ, ಇಟ್ಟು, ವಾಪಸ್ಸು ಬಂದು ಕೂತಿದ್ದಳು.

"ಯಾಕತ್ತೆ? ಹಾರ್ನ್ ಒತ್ತಬಾರದಿತ್ತಾ? ಕನ್ನಡಕಕ್ಕೆಲ್ಲ ಒತ್ತೋರು ನೀವು, ಇವತ್ತು ಯಾಕೆ ಒತ್ತಲಿಲ್ಲ?" ಸೊಸೆ ಕೇಳಿದ್ದು ಸಿಟ್ಟಿನಲ್ಲೋ ಅಳುವಿನಲ್ಲೋ ಯಾರಿಗೂ ತಿಳಿಯಲಿಲ್ಲ.

ಅತ್ತೆ ಮಾತಿಗೊಂದು ಉಸಿರು ತೆಗೆದುಕೊಳ್ಳುತ್ತ ಹೇಳಿದಳು. "ಉಸಿರು ಸಾಲದೆ ಬಂತು ಕಣೇ. ಮೇಲೆ ನೋಡಿದೆ, ದೀಪ ಚೆನ್ನಾಗೇ ಉರೀತಿತ್ತು. ಕಾಲಡಿ ನಡುಗ್ತಾನೇ ಇತ್ತು. ಗಾಡೀದೇನೂ ತಪ್ಪಿಲ್ಲ, ಹಾಗಾದ್ರೆ ನಂದೇ ಮುಗೀತು ಅಂದ್ಕೊಂಡೆ. ಅದಕ್ಕೆ ನಿನ್ನ ಕೆಲಸ ಯಾಕೆ ಕೆಡಿಸಲಿ ಅಂತ..."

ಮೆಕ್ಯಾನಿಕ್ ಜನರೇಟರ್ ಕೊಟ್ಟಿಗೆಯ ಕಡೆ ಒಮ್ಮೆ ನೋಡಿ ಕೂತಲ್ಲಿಂದ ಎದ್ದ. ಯಾರ ಮುಖವನ್ನೂ ನೋಡಲಿಲ್ಲ. ಬೆಸುಗೆ ಕಡ್ಡಿ ತಂದು, ಪೆಟ್ಟಿಗೆಯ ಹಿಂಬದಿ ಬಿಚ್ಚಿ, ತಾನೇ ಕತ್ತರಿಸಿದ್ದ ಅಲಾರಂ ತಂತಿಯ ಎರಡು ತುದಿಗಳನ್ನು ಹುಡುಕಿದ. ಅವನ ಕಣ್ಣೀರು ತೊಟತೊಟ ಪೆಟ್ಟಿಗೆಯ ಮೇಲೆ ಬೀಳುತ್ತಿತ್ತು, ತೋಳಿನಲ್ಲಿ ಒರೆಸಿಕೊಂಡು ಮತ್ತೆ ಬಗ್ಗುತ್ತಿದ್ದ. ಬೆಸೆದು ಮುಗಿಸಿದ ಕೂಡಲೆ ಅಲಾರಂ ಕಿವಿ ಹರಿಯುವ ಹಾಗೆ ಕಿರುಚಿತು. ಯಾರೂ ಬೈಯಲಿಲ್ಲ.

ಸೊಸೆ ದಿಂಬಿನ ಕೆಳಗಿನಿಂದ ಕರವಸ್ತ್ರ ಎಳೆದು ಹಳೆಯ ಬಲ್ಬನ್ನು ತೆಗೆದಳು. ಸ್ಟೂಲು ಹತ್ತಿ ಅತ್ತೆಯ ತಲೆಯ ಮೇಲಿನ ಹೊಸದನ್ನು ಕಿತ್ತು ಹಳೆಯದನ್ನು ಸಿಕ್ಕಿಸಿದಳು. ಇಂಜಿನ್ ಓಡುತ್ತಿದ್ದರಿಂದ ಅದು ಮೊದಲು ಬೆಳ್ಳಗೆ ಹತ್ತಿತು. ಸಂಜೆಯವರೆಗೂ ಇಂಜಿನ್ ಓಡಿತು. ಆಮೇಲೆ ಮೆಕ್ಯಾನಿಕ್, "ಒಂದು ನಿಮಿಷ ನಿಲ್ಲಿಸಿ ನೋಡ್ತೀನಿ," ಎಂದು ಕೀಲಿ ತಿರುಗಿಸಿದ. ಮೂವರೂ ತಲೆಯೆತ್ತಿ ಕೂತರು. ನೋಡನೋಡುತ್ತ ದೀಪ ಹಳದಿಯಾಯಿತು, ತಡೆಯದೆ ಇನ್ನೂ ಕೆಳಕ್ಕೆ, ಕೆಂಪಿಗೆ ಹೋಯಿತು. ಬ್ಯಾಟರಿಯನ್ನು ತಳ ಕಾಣುವ ತನಕ ಹಿಂಡಿಬಿಟ್ಟಿದ್ದರು, ಇನ್ನದು ತುಂಬಿಕೊಳ್ಳುವ ಹಾಗಿರಲಿಲ್ಲ. ಅಲಾರಂ ಕಿರುಚಲು ಶುರುಮಾಡಿತು. ಅವನು ತಡಬಡಿಸಿ ಮತ್ತೆ ಇಂಜಿನ್ ಹಾಕಿದ.

"ಬೆಳಿಗ್ಗೆ ಮೊದಲು ಹೊಸ ಬ್ಯಾಟರಿ. ಅಲ್ಲೀವರೆಗೆ ಇಂಜಿನ್ ನಿಲ್ಲಿಸೋ ಹಾಗಿಲ್ಲ," ಎಂದ. ಡೀಸೆಲ್ ಮುಳ್ಳನ್ನು ಬಗ್ಗಿ ನೋಡಿದ, ಡಬ್ಬ ತೆಗೆದುಕೊಂಡು ಹೊರಗೆ ಹೋದ.

ಸೊಸೆ ತಗಡಿನ ಮುಚ್ಚಳದಿಂದ ಓಲೆಗಳನ್ನು ಎತ್ತಿಕೊಂಡು ಅತ್ತೆಯ ಪಕ್ಕ ಕೂತಳು. "ಕಿವಿ ಕೊಡಿ, ಹಾಕ್ತೀನಿ."

ಅತ್ತೆ ಅವಳ ಬೆರಳುಗಳನ್ನು ಮಡಿಸಿ ಓಲೆಗಳನ್ನು ಅವಳ ಮುಷ್ಟಿಯೊಳಗೇ ಮುಚ್ಚಿದಳು. "ನಿನ್ನ ಹತ್ರಾನೇ ಇರಲಿ ಬಿಡೇ. ಬಿಚ್ಚೋಕೆ ತುಂಬ ಕಷ್ಟ ಆಯ್ತು ನಂಗೆ. ಇನ್ನೊಂದು ಸಲ ಆಗಲ್ಲ."

ಗೋಡೆಯಾಚೆ ಜನರೇಟರ್ ಮತ್ತೆ ಗುಡುಗಿತು. ಗಾಡಿ ಅದುರಲು ಶುರುವಾಯಿತು, ಮಂಚ ಅದುರಿತು, ಮುಷ್ಟಿಯೊಳಗೆ ಓಲೆಗಳೂ ಅದುರಿದವು. ಸೊಸೆ ನೆಲಕ್ಕೆ ಇಳಿದು, ಪೆಟ್ಟಿಗೆಯ ಪಕ್ಕ ಮಲಗಿ, ಅದರ ಮೈಗೆ ಕಿವಿ ಒತ್ತಿಕೊಂಡಳು.